ತೂತು ಸಣ್ಣದು, ಕೆಲಸ ಸಣ್ಣದಲ್ಲ

ಪ್ರೀತಿಯ ಪುಟ್ಟೀ,

ಮೆಟ್ಟಿಲು ಇಳಿಯುವಾಗ ಕಾಲು ಮತ್ತೆ ಹೊರಳಿತಂತೆ, ನಿಮ್ಮಮ್ಮ ಹೇಳಿದಳು. ಕೀಹೋಲ್ ಸರ್ಜರಿ ಮಾಡಿಸಿಬಿಡ್ತೀನಿ, ಸಣ್ಣ ತೂತು ತಾನೆ ಅಂತ ನೀನು ಅಂದೆಯಂತೆ. ಬೇಡ ಅಂತ ನಾನು ಹೇಳುವುದಿಲ್ಲ. ಆತುರ ಬೇಡ, ಅಷ್ಟೆ.

ಕಾಲು ಉಳುಕಿದಾಗ ಸಾಮಾನ್ಯವಾಗಿ ಮೊದಲು ಪೆಟ್ಟು ತಿನ್ನುವುದು ಪಾದದ ಹೊರಗಂಟಿನ ಮುಂದಿರುವ ಲಿಗಮೆಂಟು, ಅಂದರೆ ಮೂಳೆಗೆ ಮೂಳೆಯನ್ನು ಕಟ್ಟಿ ಹಿಡಿಯುವ ನಾರಿನ ಪಟ್ಟಿ. ಪದೇ ಪದೇ ಉಳುಕಿದರೆ ಅದು ಸಡಿಲವಾಗುತ್ತದೆ. ಜೊತೆಗೆ ಪಾದ ವಾಲುತ್ತಿದೆ ಅಂತ ಗೊತ್ತಾಗುವುದೂ ತಡವಾಗುತ್ತದೆ, ಅದನ್ನು ತಡೆಯುವ ಸ್ನಾಯುಗಳೂ ಮಂದವಾಗುತ್ತವೆ. ಈ ಎರಡನ್ನು ಯಾವ ಸರ್ಜನ್ನೂ ಹೊಲಿದು ಕೊಡಲಾರರು. ಒಂಟಿಕಾಲಲ್ಲಿ ನಿಲ್ಲುವುದು, ಅಲುಗಾಡುವ ಹಲಗೆ ಮೇಲೆ ಬ್ಯಾಲೆನ್ಸ್ ಮಾಡುವುದು, ರಬ್ಬರ್ ಪಟ್ಟಿ ಹಾಕಿಕೊಂಡು ಪಾದವನ್ನು ಹೊರಕ್ಕೆ ತಳ್ಳುವುದು, ಇದನ್ನೆಲ್ಲ 3ರಿಂದ 6 ತಿಂಗಳು ಬಿಡದೆ ಮಾಡಿದ್ದೀಯಾ? ಒಂದು ವಾರ ಮಾಡಿ ಬಿಟ್ಟಿದ್ದರೆ ಅದು ಲೆಕ್ಕಕ್ಕಿಲ್ಲ.

ಅಷ್ಟು ಮಾಡಿಯೂ ಕಾಲು ಕೈಕೊಡುತ್ತಿದ್ದರೆ ಹೆದರದೆ ಮಾಡಿಸು. ಸುಮ್ನೆ ಸಹಿಸಿಕೊಂಡಿದ್ದರೆ ಕೀಲೂ ಸವೆಯಬಹುದು. ಸ್ವೀಡನ್ನಿನ ಬ್ರೋಸ್ಟ್ರೋಮ್ ಎಂಬ ಸರ್ಜನ್ 1966ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿಗೂ ಇದಕ್ಕೆ ಬುನಾದಿ. ಬೇರೆ ಕಡೆಯಿಂದ ಏನೂ ತರದೆ, ಅದೇ ಲಿಗಮೆಂಟನ್ನು ಬಿಗಿ ಮಾಡಿ ಹೊಲಿಯುವುದು. ಆಗ ಚರ್ಮ ಕೊಯ್ದು ತೆರೆದು ಮಾಡುತ್ತಿದ್ದರು. ಈಗ ಒಂದು ತೂತಿನಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಹೊರಗಂಟಿನ ಮೂಳೆಯೊಳಗೆ ದಾರವಿರುವ ಪುಟ್ಟ ಆಂಕರ್, ಅಂದರೆ ಮೊಳೆಯಂಥದ್ದು, ಕೂರಿಸುತ್ತಾರೆ. ಆ ದಾರದಲ್ಲಿ ಲಿಗಮೆಂಟನ್ನು ಹಿಡಿದು, ಮೂಳೆಗೆ ಒತ್ತಿ ಗಂಟು ಹಾಕುತ್ತಾರೆ. ಕೀಲಿನೊಳಗೆ ಮೂಳೆತುದಿಯ ನುಣುಪು ಹೊದಿಕೆಯಾದ ಮೃದ್ವಸ್ಥಿಗೆ ಏಟಾಗಿದ್ದರೆ ಅದೂ ಆಗಲೇ ಕಣ್ಣಿಗೆ ಬೀಳುತ್ತದೆ. ನನ್ನ ಮಟ್ಟಿಗೆ ಗಾಯದ ಗುರುತು ಸಣ್ಣದಾಗಿರುವುದಕ್ಕಿಂತ ಇದೇ ದೊಡ್ಡ ಲಾಭ.

ಡಾಕ್ಟರ ಹತ್ತಿರ ಎರಡು ಮಾತು ಬಾಯಿಬಿಟ್ಟು ಕೇಳು. ನನ್ನ ಲಿಗಮೆಂಟು ಹೊಲಿಗೆ ಹಿಡಿಯುವಷ್ಟು ಗಟ್ಟಿ ಇದೆಯಾ? ತೀರಾ ನವೆದಿದ್ದರೆ, ಅಥವಾ ಮೈಯ ಕೀಲುಗಳೆಲ್ಲ ಹುಟ್ಟಿನಿಂದಲೇ ಸಡಿಲವಿದ್ದರೆ, ಬೇರೆ ಕಡೆಯ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು) ತಂದು ಕಟ್ಟಬೇಕಾಗಬಹುದು. ಎರಡನೆಯದು, ಪಾದದ ಮೇಲ್ಭಾಗಕ್ಕೆ ಹೋಗುವ ನರದ ವಿಷಯ. ಅದು ತೂತು ಹಾಕುವ ಜಾಗದ ಹತ್ತಿರವೇ ಹಾದುಹೋಗುತ್ತದೆ. ಏಟಾದರೆ ಜೋಮು ಉಳಿಯಬಹುದು.

ಆಮೇಲಿನ ದಿನಗಳ ಬಗ್ಗೆ ನನಗೆ ಜಾಸ್ತಿ ಚಿಂತೆ. ಚರ್ಮ ಎರಡು ವಾರದಲ್ಲಿ ಕೂಡಿಕೊಂಡು ವಾಸಿಯಾದಂತೆ ಕಾಣುತ್ತದೆ, ಒಳಗೆ ಲಿಗಮೆಂಟು ಇನ್ನೂ ಹಸಿಯಾಗೇ ಇರುತ್ತದೆ. ಸಾಮಾನ್ಯವಾಗಿ ಸುಮಾರು 6 ವಾರ ಪಾದ ಹೊರಳದಂತೆ ಹಿಡಿಯುವ ಆಸ್ಪತ್ರೆಯ ಬೂಟು ಅಥವಾ ಪಟ್ಟಿಯ ಆಸರೆ ಬೇಕು. ಆಟಕ್ಕೆ ಮರಳಲು 3-4 ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಆ ನಡುವೆ ಮತ್ತೆ ಅದೇ ಹಲಗೆ, ಅದೇ ರಬ್ಬರ್ ಪಟ್ಟಿ. ಮೀನಖಂಡ ಊದಿ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡ, ತಕ್ಷಣ ತೋರಿಸು. ರಕ್ತ ಹೆಪ್ಪುಗಟ್ಟಿರಬಹುದು.

ಡಾಕ್ಟರನ್ನು ನೋಡುವ ದಿನ ಯಾವುದು ಅಂತ ತಿಳಿಸು. ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಪ್ಪ