ಮಗಳಿಗೊಂದು ಪತ್ರ: 45 ಕಂಡ ಆ ಒಂದು ಕೋಶ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಮತ್ತೆ ಫೋನ್ ಮಾಡಿದರೆ ಹೇಳಬೇಕಾದ್ದರಲ್ಲಿ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಇಪ್ಪತ್ತು ಜೀವಕೋಶಗಳಲ್ಲಿ ಕ್ರೋಮೋಸೋಮ್, ಅಂದರೆ ಡಿಎನ್‌ಎ ಸುರುಳಿ ಸುತ್ತಿಕೊಂಡಿರುವ ಎಳೆಗಳನ್ನು ಎಣಿಸಿದೆ ಅಂದೆ. ಹತ್ತೊಂಬತ್ತರಲ್ಲಿ ಮಾಮೂಲಿನಂತೆ 46 ಸಿಕ್ಕವು, ಒಂದರಲ್ಲಿ ಮಾತ್ರ 45. "ಅದು ಹಾಗೇ ಬರ್ತಿರುತ್ತೆ, ಅದನ್ನ ಬಿಟ್ಟು ಬೇರೆ ಒಂದು ಕೋಶ ಎಣಿಸು, ಎಲ್ಲಾ 46 ಅಂತ ಬರ್ದುಬಿಡು" ಅಂದರಂತೆ ನಿನ್ನ ಸೀನಿಯರ್. ನಿನಗೆ ಒಪ್ಪಿಗೆಯಾಗಲಿಲ್ಲ. ಆದರೆ ಲ್ಯಾಬಿಗೆ ಸೇರಿ ಇನ್ನೂ ನಾಲ್ಕು ತಿಂಗಳು, ಎದುರು ಮಾತಾಡೋದು ಹೇಗೆ ಅಂತ ಸುಮ್ಮನಾದೆ. ಅಲ್ವಾ?

ಅವರು ಕೊಟ್ಟ ಕಾರಣ ಸರಿಯೇ ಇರಬಹುದು ಪುಟ್ಟಿ. ಸ್ಲೈಡಿನ ಮೇಲೆ ಹನಿ ಬಿದ್ದಾಗ ಕೋಶ ಒಡೆದು ಹರಡಿಕೊಳ್ಳುತ್ತದೆ. ಆ ರಭಸಕ್ಕೆ ಒಂದು ಕ್ರೋಮೋಸೋಮ್ ದೂರ ಸಿಡಿದುಹೋಗುವುದು ಮಾಮೂಲು. ಬರೆಯಬೇಡ ಅಂದರಲ್ಲ, ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಂಡದ್ದು 45. ನೋಟ್‌ಬುಕ್ಕಿನಲ್ಲಿ 45 ಅಂತಲೇ ಇರಬೇಕು, ಪಕ್ಕದಲ್ಲಿ ಸ್ಲೈಡಿನ ನಂಬರು, ತಾರೀಖು. ಆಮೇಲೆ ಇನ್ನೂ ಮೂವತ್ತು ಕೋಶ ಎಣಿಸು. ಮತ್ತೆಲ್ಲೂ 45 ಸಿಗದಿದ್ದರೆ ಸೀನಿಯರ್ ಹೇಳಿದ್ದಕ್ಕೇ ಬಲ ಬರುತ್ತದೆ. ಅದೇ ಕ್ರೋಮೋಸೋಮ್ ಇನ್ನೆರಡು ಕೋಶಗಳಲ್ಲೂ ಇಲ್ಲ ಅಂತಾದರೆ ಎದ್ದು ಹೋಗಿ ಗೈಡ್‌ಗೆ ಹೇಳಬೇಕು.

ಈ ಎಣಿಕೆಗೆ ಒಂದು ಹಿನ್ನೆಲೆ ಇದೆ. ನಾನು ಲ್ಯಾಬಿಗೆ ಸೇರಿದ ಮೊದಲ ವಾರ ನಮ್ಮ ಮೇಡಂ ಹೇಳಿದ್ದು. ಅಮೆರಿಕದ ವಿಜ್ಞಾನಿ ಥಿಯೋಫಿಲಸ್ ಪೇಂಟರ್ 1921ರಲ್ಲಿ ಮನುಷ್ಯನ ಕ್ರೋಮೋಸೋಮ್ ಎಣಿಸಿದಾಗ, ತುಂಬಾ ಚೆನ್ನಾಗಿ ಕಂಡ ಕೋಶಗಳಲ್ಲಿ 46 ಮಾತ್ರ ಸಿಕ್ಕಿವೆ ಅಂತ ತಾವೇ ಬರೆದಿದ್ದರು. 1923ಕ್ಕೆ ಬರುವಷ್ಟರಲ್ಲಿ 48 ಅಂತ ತೀರ್ಮಾನ ಮಾಡಿಬಿಟ್ಟರು. ಆಮೇಲೆ ಮೂವತ್ತು ವರ್ಷ ಎಲ್ಲರಿಗೂ 48 ಕಾಣುತ್ತಲೇ ಇತ್ತು. 1952ರಲ್ಲಿ ಅಮೆರಿಕದಲ್ಲಿ ಟಿ. ಸಿ. ಶು ಅನ್ನುವ ವಿಜ್ಞಾನಿಯ ಲ್ಯಾಬಿನಲ್ಲಿ ಯಾರೋ ಕೈತಪ್ಪಿನಿಂದ ಉಪ್ಪು ಕಡಿಮೆಯಾದ ದ್ರಾವಣ ಮಾಡಿಟ್ಟರು. ಅದನ್ನು ಹಾಕಿದಾಗ ಕೋಶಗಳು ಉಬ್ಬಿ, ಕ್ರೋಮೋಸೋಮ್‌ಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಹರಡಿದವು. ಆ ತಪ್ಪು ಮಾಡಿದವರು ಯಾರು ಅಂತ ಕೊನೆಗೂ ಗೊತ್ತಾಗಲಿಲ್ಲ. ನೀನು ದಿನಾ ಬಳಸುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಮಾಡುವುದೂ ಅದೇ ಕೆಲಸವನ್ನೇ. ಅಷ್ಟು ಚೆಂದದ ಸ್ಲೈಡ್ ಕಣ್ಣೆದುರಿಗೆ ಇದ್ದರೂ ಶು ಬರೆದದ್ದು 48. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಅನ್ನುವವರು 1955ರ ಕೊನೆಯಲ್ಲಿ ಎಣಿಸಿದರು, 46 ಸಿಕ್ಕಿತು, 46 ಅಂತ ಬರೆದರು. 1956ರಲ್ಲಿ ಅವರೂ ಆಲ್ಬರ್ಟ್ ಲೆವಾನ್ ಅವರೂ ಅದನ್ನು ಪ್ರಕಟಿಸಿದರು. ಮೈಕ್ರೋಸ್ಕೋಪಿನ ಮುಂದೆ ಕೂತಾಗೆಲ್ಲ ನನಗೆ ಇದು ನೆನಪಾಗುತ್ತಿತ್ತು.

45 ಅಂದ ತಕ್ಷಣ ಹೆದರಬೇಕಾಗಿಯೂ ಇಲ್ಲ. ಕೆಲವರಲ್ಲಿ 14ನೆಯ ಮತ್ತು 21ನೆಯ ಕ್ರೋಮೋಸೋಮ್ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅಂಥವರ ಎಲ್ಲ ಕೋಶಗಳಲ್ಲೂ 45 ಇರುತ್ತದೆ, ಅವರು ಆರೋಗ್ಯವಾಗಿಯೇ ಇರುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿದಾಗಲೇ ಕೆಲವು ಮನೆಗಳಲ್ಲಿ ಇದು ಗೊತ್ತಾಗುವುದು. ಹಾಗೆ ಬಂದ ಒಬ್ಬ ತಾಯಿಗೆ ಮೇಡಂ ಚೌಕ, ವೃತ್ತ ಹಾಕಿ ವಂಶದ ಚಿತ್ರ ಬರೆದು ವಿವರಿಸುತ್ತಿದ್ದರು. ಆಕೆ ಅದನ್ನೆಲ್ಲ ಕೇಳಿಸಿಕೊಂಡು "ಹಾಗಾದ್ರೆ ನನ್ನಿಂದಾನೇ ಬಂತಾ?" ಅಂತ ಒಂದೇ ಮಾತು ಕೇಳಿದರು. ಮೇಡಂ ಪೆನ್ನು ಕೆಳಗಿಟ್ಟರು. ಆಮೇಲೆ ತುಂಬಾ ಹೊತ್ತು ಅವರಿಬ್ಬರೂ ಮಾತಾಡಿದರು, ಆ ಕಾಗದದ ಕಡೆ ಯಾರೂ ನೋಡಲಿಲ್ಲ. ಆ ಕ್ರೋಮೋಸೋಮ್‌ಗಳು ಅಂಟಿಕೊಳ್ಳುವ ಪುಟ್ಟ ತುದಿಗಳ ಡಿಎನ್‌ಎಯನ್ನು 2022ರಲ್ಲಷ್ಟೇ ಪೂರ್ತಿ ಓದಿ ಮುಗಿಸಿದರು ಅಂತ ತಿಳಿದಾಗ ನನಗೆ ಆ ತಾಯಿಯೇ ನೆನಪಾದರು.

ಈಗ ನನ್ನದೊಂದು ತಪ್ಪು ಹೇಳುತ್ತೇನೆ. ಇದುವರೆಗೆ ನಿನಗೆ ಹೇಳಿರಲಿಲ್ಲ.

ನಿನ್ನ ಹಾಗೆ ನಾನೂ ಹೊಸಬಳು. ಒಂದೇ ದಿನ ಎರಡು ರಕ್ತದ ಸ್ಯಾಂಪಲ್ ಬಂದಿದ್ದವು. ಒಂದು ಗಂಡಸಿನದು, ಇನ್ನೊಂದು ಎಂಟು ವರ್ಷದ ಹುಡುಗಿಯದು. ವಯಸ್ಸಿಗೆ ತಕ್ಕ ಎತ್ತರ ಬಂದಿಲ್ಲ ಅಂತ ಅವಳನ್ನು ಕರೆದುಕೊಂಡು ಬಂದಿದ್ದರು. ಅವಸರದಲ್ಲಿ ನಾನು ನಂಬರನ್ನು ಟ್ಯೂಬಿನ ಮೇಲೆ ಬರೆಯದೆ ಮುಚ್ಚಳದ ಮೇಲೆ ಬರೆದೆ. ಸೆಂಟ್ರಿಫ್ಯೂಜ್ ಆದಮೇಲೆ ಎರಡೂ ಮುಚ್ಚಳ ತೆಗೆದು ಪಕ್ಕಪಕ್ಕ ಇಟ್ಟೆ. ಹುಡುಗಿಯ ಸ್ಲೈಡಿನಲ್ಲಿ ಸಾಮಾನ್ಯವಾಗಿ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್ ಕಂಡಿತು. ಹುಡುಗಿಯರಲ್ಲಿ ಅಪರೂಪಕ್ಕೆ ಅದು ನಿಜವಾಗಿಯೂ ಇರುತ್ತದೆ, ನಿನಗೇ ಗೊತ್ತು. ಅಂದರೆ ಅದು ತಪ್ಪೂ ಇರಬಹುದು, ಒಂದು ಮಗುವಿನ ಇಡೀ ಬದುಕಿಗೆ ಸಂಬಂಧಪಟ್ಟ ನಿಜವೂ ಇರಬಹುದು. "ಟ್ಯೂಬ್ ಇದೇ ಅಂತ ಖಾತ್ರಿ ಇದೆಯಾ?" ಮೇಡಂ ಕೇಳಿದರು. ಒಂದು ಕ್ಷಣ ಬಾಯಿ ಒಣಗಿತು. "ಇಲ್ಲ ಮೇಡಂ" ಅಂದೆ. ಅದಲು ಬದಲಾಗಿದೆ ಅಂತ ಊಹಿಸುವುದು ಸುಲಭವಿತ್ತು. ಆದರೆ ಅವರು "ಊಹೆ ಮೇಲೆ ಯಾರಿಗೂ ರಿಪೋರ್ಟ್ ಕೊಡಲ್ಲ" ಅಂದರು. ಇಬ್ಬರನ್ನೂ ಮತ್ತೆ ಕರೆಸಬೇಕಾಯಿತು. ಆ ಹುಡುಗಿ ಅಳಲಿಲ್ಲ. ಮೊದಲ ಸಲ ಚುಚ್ಚಿದ ಜಾಗ ಇನ್ನೂ ನೀಲಿಯಾಗಿತ್ತು, ತಾನೇ ಇನ್ನೊಂದು ತೋಳು ಮುಂದೆ ಚಾಚಿದಳು. ಕೊನೆಗೆ ಅವಳ ರಿಪೋರ್ಟ್ ಏನು ಬಂತು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಅವತ್ತಿನಿಂದ ಟ್ಯೂಬಿನ ಮೈಮೇಲೂ ಮುಚ್ಚಳದ ಮೇಲೂ, ಎರಡೂ ಕಡೆ ಬರೆಯುತ್ತಿದ್ದೆ. ನೀನೂ ಹಾಗೇ ಮಾಡು.

ಕೋಶಗಳು ಗಂಟು ಕಟ್ಟುತ್ತಿವೆ ಅಂದೆಯಲ್ಲ, ಕೋಶಗಳನ್ನು ಇದ್ದ ಹಾಗೇ ಹಿಡಿದಿಡುವ ಆ ಫಿಕ್ಸೆಟಿವ್ ದ್ರಾವಣವನ್ನು ಒಂದೇ ಸಲ ಸುರಿಯುತ್ತಿದ್ದೀಯಾ ನೋಡಿಕೋ. ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಸಿಡ್, ಆವಾಗಾವಾಗ ಹೊಸದಾಗಿ ಬೆರೆಸಿಕೋ. ಮೊದಲ ಸಲ ಹಾಕುವಾಗ ಟ್ಯೂಬನ್ನು ಬೆರಳಿನಿಂದ ತಟ್ಟುತ್ತಾ ಹನಿ ಹನಿಯಾಗಿ ಬಿಡು. ಕೆಂಪಗಿದ್ದದ್ದು ನೋಡನೋಡುತ್ತಾ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ಘಳಿಗೆಯಲ್ಲಿ ಕೈ ನಿಧಾನವಾಗಿರಬೇಕು. ಆಮೇಲಿನ ತೊಳೆತಗಳಲ್ಲಿ ಅಷ್ಟು ಭಯವಿಲ್ಲ.

ಜೊತೆಯವರೆಲ್ಲ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದುವ ಸೀಕ್ವೆನ್ಸಿಂಗ್ ಮಾಡಿ ಬೇಗ ಬೇಗ ಪೇಪರ್ ಬರೆಯುತ್ತಿದ್ದಾರೆ, ನಾನೊಬ್ಬಳೇ ಹಿಂದೆ ಉಳಿದೆ ಅಂತ ಕೊರಗುತ್ತಿದ್ದೀಯ. ಅವರಿಗೂ ಅವರ ಕಷ್ಟ ಇದೆ. ಒಂದು ಅಕ್ಷರ ಬದಲಾಗಿರುವುದು ಕಾಣುತ್ತದೆ, ಅದರಿಂದ ತೊಂದರೆ ಇದೆಯೋ ಇಲ್ಲವೋ ಹೇಳಲು ಆಗುವುದಿಲ್ಲ. ಉತ್ತರಕ್ಕೆ ಕಾಯುವ ಮನೆಯವರು ಅಲ್ಲೂ ಇದ್ದಾರೆ. ಕೋಶ ಬೆಳೆಸುವ ದ್ರವ, ಅದೇ ಮೀಡಿಯಂ, ಹಳದಿಗೆ ತಿರುಗಿ ನಿನ್ನ ಎರಡು ವಾರದ ಕೆಲಸ ಹಾಳಾಯಿತು, ನಿಜ. ಅವತ್ತು ಅತ್ತುಬಿಡು, ಪರವಾಗಿಲ್ಲ. ಮಾರನೆಯ ದಿನ ಇನ್‌ಕ್ಯುಬೇಟರ್ ಒರೆಸು.

ಪೇಪರ್ ವಿಷಯಕ್ಕೆ ಒಂದು ಮಾತು. ಯಾರ ಹೆಸರು ಎಲ್ಲಿ ಬರುತ್ತದೆ ಅಂತ ಮೊದಲೇ ಗೈಡ್ ಹತ್ತಿರ ಕೇಳು, ನಾಚಿಕೆ ಬೇಡ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ಕ್ರೋಮೋಸೋಮ್ ಇವೆ ಅಂತ ತಿಳಿಯಲು ಬೇಕಾದ ಕಲ್ಚರ್, ಅಂದರೆ ದೇಹದ ಹೊರಗೆ ಬೆಳೆಸುವ ಕೋಶಗಳನ್ನು, ಬೆಳೆಸಿದವರು ಪ್ಯಾರಿಸ್ಸಿನ ಮಾರ್ಥ್ ಗೋತಿಯೇ. ಅವರ ಹತ್ತಿರ ಫೋಟೋ ತೆಗೆಯುವ ಮೈಕ್ರೋಸ್ಕೋಪ್ ಇರಲಿಲ್ಲ, ಸ್ಲೈಡುಗಳನ್ನು ಜೊತೆಗಿದ್ದ ಜೆರೋಮ್ ಲೆಜನ್ ಅವರ ಕೈಗೆ ಕೊಟ್ಟರು. 1959ರ ಪೇಪರಿನಲ್ಲಿ ಮೊದಲ ಹೆಸರು ಲೆಜನ್ ಅವರದು. ಗೋತಿಯೇ ಹೆಸರು ಎರಡನೆಯದು, ಅದರಲ್ಲೂ ಅಕ್ಷರ ತಪ್ಪು. ನಿನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ತಾರೀಖು ಇರಲಿ ಅಂತ ನಾನು ಹಠ ಹಿಡಿಯುವುದು ಇದಕ್ಕೂ ಸೇರಿ.

ನಾಳೆ ಗುರುವಾರ. ಹೊಸ ಕಲ್ಚರ್ ನಾಳೆ ಹಾಕಬೇಡ, 72 ಗಂಟೆ ಅಂದರೆ ಭಾನುವಾರಕ್ಕೆ ಬರುತ್ತದೆ, ನಿನಗೆ ಒಂದು ದಿನ ನಿದ್ದೆ ಬೇಕು. ಶುಕ್ರವಾರ ಹಾಕು, ಸೋಮವಾರ ತೆಗೆ. ನಾಳೆ ಹಳೆಯ ಸ್ಲೈಡಿನಲ್ಲೇ ಉಳಿದ ಮೂವತ್ತು ಕೋಶ ಎಣಿಸಿ ಮುಗಿಸು. ಮುಗಿದ ತಕ್ಷಣ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ. ಇನ್ನೊಂದು 45 ಸಿಕ್ಕಿತಾ ಇಲ್ವಾ ಅಂತ ನನಗೂ ತಿಳಿಯಬೇಕು.

ನಿನ್ನ
ಅಮ್ಮ