ಕಂಚನ್ನು ಬಡಿಯಬೇಡಿ, ಎರೆಯಿರಿ

ಪ್ರಿಯ ಸುಮಂತ್,

ಸಿಥಿಯನ್ ಅಲೆಮಾರಿಗಳ ಬಗೆಗಿನ ನಿಮ್ಮ ಕತೆ ಓದಿದೆ. ಕುದುರೆಗಳ ಭಾಗಕ್ಕೆ ಕೈ ಹಚ್ಚಬೇಡಿ, ಹಾಗೇ ಇರಲಿ. ಎಡವಟ್ಟಾಗಿರುವುದು ಕುಲುಮೆಯ ಹತ್ತಿರ. ನಿಮ್ಮ ಕಮ್ಮಾರ ಕಂಚನ್ನು ಕೆಂಪಗೆ ಕಾಯಿಸಿ, ಬಡಿದು ಕತ್ತಿ ಮಾಡಿ, ಚುಂಯ್ ಎಂದು ನೀರಿಗೆ ಅದ್ದುತ್ತಾನೆ. ಅದು ಕಬ್ಬಿಣದ ಕೆಲಸ. ತಾಮ್ರದ ಜೊತೆ ನೂರಕ್ಕೆ ಹತ್ತು ಪಾಲು ತವರವಿರುವ ಕಂಚು ಕೆಂಪಗಿರುವಾಗ ಪೆಟ್ಟು ತಿಂದರೆ ಬಿರುಕು ಬಿಡುತ್ತದೆ. ನೀರಿಗೆ ಅದ್ದಿದರೆ ಗಡುಸಾಗುವುದೂ ಇಲ್ಲ. ಕಂಚಿನ ಆಯುಧಕ್ಕೆ ಆಕಾರ ಬರುವುದು ಎರಕದಲ್ಲಿ. ತಣ್ಣಗಾದ ಮೇಲೆ ಅಂಚನ್ನಷ್ಟೇ ಹಗುರವಾಗಿ ತಟ್ಟಿ ಗಡುಸು ಮಾಡುತ್ತಾರೆ. ತಟ್ಟಿದ್ದು ಹೆಚ್ಚಾದರೆ ಅಂಚು ಸೀಳುತ್ತದೆ, ಹಾಗಾಗಿ ನಡುವೆ ಮಂಕು ಕೆಂಪಿಗೆ ಕಾಯಿಸಿ ಮೆದು ಮಾಡಿಕೊಳ್ಳಬೇಕು.

ಇನ್ನೊಂದು ವಿಷಯ, ಕಾಲ. ನಿಮ್ಮ ಕತೆ ನಡೆಯುವುದು ಕ್ರಿ.ಪೂ. 5ನೇ ಶತಮಾನದಲ್ಲಿ, ಕಪ್ಪು ಸಮುದ್ರದ ಉತ್ತರಕ್ಕೆ. ಅಷ್ಟು ಹೊತ್ತಿಗೆ ಅಲ್ಲಿ ಅಕಿನಾಕಿಸ್ ಎಂಬ ಗಿಡ್ಡ ಕತ್ತಿ ಬಹುಪಾಲು ಕಬ್ಬಿಣದ್ದೇ. ಕಂಚಿನ ಕಠಾರಿಯೇ ಬೇಕೆಂದಿದ್ದರೆ ಕತೆಯನ್ನು ಪೂರ್ವಕ್ಕೆ, ಸೈಬೀರಿಯಾದ ಯೆನಿಸೇ ನದಿಯ ಮಿನುಸಿನ್ಸ್ಕ್ ಬಯಲಿಗೆ ಒಯ್ಯಿರಿ. ಅಲ್ಲಿನ ಟಾಗರ್ ಸಂಸ್ಕೃತಿಯವರು ಕಂಚನ್ನು ಬಹುಕಾಲ ಬಿಡಲಿಲ್ಲ. ಆ ಸೀಮೆಯ ತಾಮ್ರದಲ್ಲಿ ಆರ್ಸೆನಿಕ್ ಬೆರೆತಿರುವುದೂ ಉಂಟು. ಲೋಹ ಕರಗಿಸುವ ಮೂಸೆಯಿಂದ ಏಳುವ ಹೊಗೆ ಬೆಳ್ಳುಳ್ಳಿ ನಾತ ಹೊಡೆಯುತ್ತದೆ, ವಿಷವೂ ಹೌದು. ಬೆಂಕಿಯ ಕೆಂಪನ್ನು ಒಂದು ಪುಟ ವರ್ಣಿಸುವ ಬದಲು ಆ ನಾತವನ್ನು ಒಂದು ಸಾಲಿನಲ್ಲಿ ತನ್ನಿ.

ನನ್ನನ್ನು ಕೇಳಿದರೆ, ಕತ್ತಿಯನ್ನೇ ಬಿಟ್ಟು ಬಾಣದ ಮೊನೆ ಹಿಡಿಯಿರಿ. ಕತ್ತಿ ಕಬ್ಬಿಣಕ್ಕೆ ತಿರುಗಿದ ಮೇಲೂ ಮೊನೆ ಕಂಚಿನದಾಗಿಯೇ ಉಳಿಯಿತು. ಮೂರು ಸೆಂಟಿಮೀಟರ್ ಆಚೀಚೆ ಉದ್ದ, ಕೆಲವೇ ಗ್ರಾಂ ತೂಕ, ಮೂರು ಅಲಗು, ಕಡ್ಡಿ ಸಿಕ್ಕಿಸಲು ಹಿಂದೆ ಟೊಳ್ಳು ಕೊಳವೆ. ಕೆಲವಕ್ಕೆ ಕೊಳವೆಯ ಪಕ್ಕದಲ್ಲಿ ಕೊಕ್ಕೆಯೂ ಇರುತ್ತದೆ, ಕಿತ್ತರೆ ಮಾಂಸ ಹರಿಯಲೆಂದು. ಇಷ್ಟು ಪುಟ್ಟ ಟೊಳ್ಳನ್ನು ಕಬ್ಬಿಣದಲ್ಲಿ ಬಡಿದು ಮಾಡುವುದು ಒಂದೊಂದಕ್ಕೂ ಪ್ರಯಾಸ. ಕಂಚಾದರೆ ಒಂದೇ ಅಚ್ಚಿನಿಂದ ಮತ್ತೆ ಮತ್ತೆ ಒಂದೇ ತೂಕದ ಮೊನೆ ಬರುತ್ತದೆ. ತೂಕ ಏರುಪೇರಾದರೆ ಬಾಣ ಬೀಳುವ ದೂರವೂ ಏರುಪೇರು.

ಲೆಕ್ಕ ಹೀಗಿಟ್ಟುಕೊಳ್ಳಿ: ನಾಲ್ಕು ಗ್ರಾಮಿನ ನೂರು ಮೊನೆಗೆ 400 ಗ್ರಾಂ ಕಂಚು, ಅದರಲ್ಲಿ ತವರ 40 ಗ್ರಾಂ. ಬರಿ ತಾಮ್ರ ಕರಗಲು 1085 ಡಿಗ್ರಿ ಬೇಕು. ಇಷ್ಟು ತವರ ಸೇರಿದರೆ ಸುಮಾರು 1000ಕ್ಕೇ ನೀರಾಗುತ್ತದೆ. ಕೆಲವೇ ಗ್ರಾಂ ಲೋಹ ಅಚ್ಚಿನಲ್ಲಿ ಕ್ಷಣದಲ್ಲಿ ಹೆಪ್ಪುಗಟ್ಟುವುದರಿಂದ ಅಚ್ಚು ಬಿಸಿಯಿರಬೇಕು, ಇಲ್ಲದಿದ್ದರೆ ತುದಿ ತುಂಬದೆ ಮೊಂಡಾಗುತ್ತದೆ. ಮಣ್ಣಿನ ಅಚ್ಚಿನಲ್ಲಿ ಪಸೆಯಿದ್ದರೆ ಆವಿ ಎದ್ದು ಲೋಹ ಮುಖಕ್ಕೇ ಸಿಡಿಯುತ್ತದೆ. ಟೊಳ್ಳು ಉಳಿಯಲೆಂದು ಕೊಳವೆಯ ಜಾಗದಲ್ಲಿಟ್ಟ ತಿರುಳು ಕೂದಲೆಳೆಯಷ್ಟು ಸರಿದರೂ ಒಂದು ಪಕ್ಕ ತೆಳುವಾಗಿ ತೂತು ಬೀಳುತ್ತದೆ. ಕೆಟ್ಟ ಮೊನೆ ವಾಪಸ್ ಮೂಸೆಗೆ. ನಿಮ್ಮ ಕತೆಯ ಹುಡುಗ ಇಂಥ ತೂತು ಮೊನೆಯನ್ನು ಮರೆಮಾಚಿ ಬತ್ತಳಿಕೆಗೆ ಸೇರಿಸಲಿ ನೋಡಿ, ಕತೆ ತಾನಾಗಿ ಮುಂದೆ ಹೋಗುತ್ತದೆ.

ಗ್ರೀಕ್ ಇತಿಹಾಸಕಾರ ಹೆರೊಡೋಟಸ್‌ನ ಗ್ರಂಥದ ನಾಲ್ಕನೇ ಭಾಗದಲ್ಲಿ ಅರಿಯಾಂಟಸ್ ಎಂಬ ಸಿಥಿಯನ್ ರಾಜನ ಸಂಗತಿ ಬರುತ್ತದೆ: ಪ್ರಜೆಗಳನ್ನು ಎಣಿಸಲು ತಲೆಗೊಂದು ಬಾಣದ ಮೊನೆ ತರಿಸಿದ, ತರದವನಿಗೆ ಸಾವು ಎಂದ, ಕೂಡಿದ್ದನ್ನೆಲ್ಲ ಕರಗಿಸಿ ಆರು ಬೆರಳು ದಪ್ಪದ ಕೊಪ್ಪರಿಗೆ ಎರೆಸಿದ. ಇದನ್ನು ಇತಿಹಾಸವೆಂದು ನಿರೂಪಕನ ಬಾಯಲ್ಲಿ ಹೇಳಿಸಬೇಡಿ. ಯಾವನಾದರೂ ಮುದುಕ ಜಂಬದಿಂದ ಹೇಳಿಕೊಳ್ಳಲಿ. ಕಪ್ಪು ಸಮುದ್ರದ ದಡದ ಗ್ರೀಕ್ ಊರುಗಳಲ್ಲಿ ಮೊನೆಯಾಕಾರದ ಕಂಚಿನ ತುಂಡು ಹಣವಾಗಿಯೂ ಚಲಾವಣೆಯಲ್ಲಿತ್ತು. ಸಂತೆಯ ದೃಶ್ಯಕ್ಕೆ ಅದು ಒದಗೀತು.

ಹಾಂ, ‘ಹಸಿರು ಕಠಾರಿ’ ಎಂದು ಮೂರು ಕಡೆ ಬರೆದಿದ್ದೀರಿ. ಆ ಹಸಿರು ಶತಮಾನಗಳ ಕಾಲ ಮಣ್ಣಿನಲ್ಲಿ ಹೂತಿದ್ದರ ಕಿಲುಬು, ಮ್ಯೂಜಿಯಮ್ಮಿನ ಬಣ್ಣ. ಹೊಸ ಕಂಚು ಚಿನ್ನದ ಹಾಗೆ ಹೊಳೆಯುತ್ತದೆ. ಮೂರೂ ಕಡೆ ತಿದ್ದಿ, ಕಾಲ ಮತ್ತು ಜಾಗ ಯಾವುದೆಂದು ತೀರ್ಮಾನಿಸಿಕೊಂಡು ಮುಂದಿನ ಕರಡು ಕಳಿಸಿ.