ಮಂಜನಿಗೆ, ನಾರ್ವೆಯ ಲಾಂಚ್‌ನಿಂದ

ಮಂಜಾ,

ಮೊನ್ನೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ನಿಮ್ಮಲ್ಲಿ ಕರೆಂಟ್ ಹೋಯ್ತು, ನೆಟ್‌ವರ್ಕೂ ಹೋಯ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಗೋಥೆನ್‌ಬರ್ಗ್‌ನಿಂದ ಕಾರಿನಲ್ಲೇ ಹೊರಟು ಓಸ್ಲೊ ದಾಟಿ ಬರ್ಗನ್ ಸೇರಿದ ಕತೆ ಬಿಡು, ಅದೆಲ್ಲ ಫೋಟೋದಲ್ಲಿ ನೋಡಿದ್ದೀಯ. ನಿನಗೆ ಹೇಳಲೇಬೇಕಾದ್ದು ಬರ್ಗನ್‌ನಿಂದ ಓಲೆಸುಂಡ್‌ಗೆ ಹೋದ ಆ ಒಂದು ದಿನದ್ದು. ಯಾಕೆ ಅಂದರೆ ಆ ದಿನವಿಡೀ ನನಗೆ ಶರಾವತಿ ಹಿನ್ನೀರಲ್ಲಿ ಜನ, ಗಾಡಿ ದಾಟಿಸುತ್ತಿದ್ದ ನಿಮ್ಮ ಅಂಬಾರಗೋಡ್ಲಿನ ಲಾಂಚ್ ನೆನಪಾಗುತ್ತಲೇ ಇತ್ತು.

ದೂರ 400 ಕಿಲೋಮೀಟರ್ ಕೂಡ ಇಲ್ಲ ಕಣೋ. ಹೆಚ್ಚುಕಮ್ಮಿ ಸಾಗರದಿಂದ ಬೆಂಗಳೂರಿಗೆ ಆಗುವಷ್ಟು. ಬೆಳಿಗ್ಗೆ ಎಂಟಕ್ಕೆ ಹೊರಟವರು ಮುಟ್ಟಿದಾಗ ಸಂಜೆ ಏಳೂವರೆ. ಇ39 ಅನ್ನುವ ಹೆದ್ದಾರಿ ಅದು, ಆದರೆ ಹೆದ್ದಾರಿ ಅಂದರೆ ನಮ್ಮ ಆಗುಂಬೆ ಕಡೆಯ ರಸ್ತೆಗೆ ಒಳ್ಳೆ ಡಾಂಬರು ಹಾಕಿದ ಹಾಗೆ, ಬಹಳ ಕಡೆ ಎರಡೇ ಲೇನ್, ಜಾಸ್ತಿ ಅಂದರೆ 80ರ ವೇಗ. ಮೇಲಾಗಿ ನಡುವೆ ಮೂರು ಕಡೆ ರಸ್ತೆ ಸುಮ್ನೆ ನೀರಿನ ದಡಕ್ಕೆ ಬಂದು ನಿಂತುಬಿಡುತ್ತದೆ. ಮುಂದಿನ ರಸ್ತೆ ಆಚೆ ದಡದಲ್ಲಿ.

ಬರ್ಗನ್‌ನಲ್ಲಿ ಮಳೆ. ಅಲ್ಲಿ ಮಳೆ ಇಲ್ಲದಿದ್ದರೆ ಸುದ್ದಿ. ಊರು ಬಿಟ್ಟ ಸ್ವಲ್ಪ ಹೊತ್ತಿಗೆ ಒಂದು ಸೇತುವೆ ಬಂತು, 1994ರಲ್ಲಿ ಕಟ್ಟಿದ್ದು. ಅದರ ಬಹುಭಾಗ ತೇಲುತ್ತದೆ! ಕಾಂಕ್ರೀಟಿನ ಹತ್ತು ದೊಡ್ಡ ತೆಪ್ಪಗಳ ಮೇಲೆ ಒಂದು ಕಿಲೋಮೀಟರಿಗಿಂತ ಉದ್ದದ ರಸ್ತೆ. ಹೇಳದಿದ್ದರೆ ಗೊತ್ತೂ ಆಗುವುದಿಲ್ಲ. ಯಾಕೆ ತೇಲಿಸಿದರು ಅಂತ ಮಗಳು ಕೇಳಿದಳು. ಕೆಳಗೆ ಅಷ್ಟು ಆಳ, ಕಂಬ ನೆಡುವುದು ಎಲ್ಲಿ ಅಂತ ಹೇಳಿದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಮೊದಲ ಫೆರಿ ಒಪ್ಪೆದಾಲ್ ಅನ್ನುವಲ್ಲಿ, ಆಚೆ ದಡ ಲಾವಿಕ್. ನಡುವೆ ಇರುವುದು ಸೋಗ್ನೆಫ್ಯೋರ್ಡ್, 200 ಕಿಲೋಮೀಟರಿಗಿಂತ ಉದ್ದಕ್ಕೆ ಒಳನಾಡಿಗೆ ಚಾಚಿಕೊಂಡ ಸಮುದ್ರದ ತೋಳು. ತೀರಾ ಆಳದ ಕಡೆ 1,300 ಮೀಟರ್. ನೆಲದ ಮೇಲೆ ಸಾಲುಗಳಿಗೆ ನಂಬರ್ ಬರೆದಿರುತ್ತಾರೆ, ನಿನ್ನ ಸಾಲಿನಲ್ಲಿ ನಿಂತರಾಯಿತು. ಕಿತ್ತಳೆ ಜಾಕೆಟ್ಟಿನವನೊಬ್ಬ ಎರಡು ಬೆರಳಲ್ಲಿ ಬಾ ಅಂತಾನೆ, ಅಂಗೈ ತೋರಿಸಿ ನಿಲ್ಲು ಅಂತಾನೆ, ಅಷ್ಟೇ ಮಾತು. ಟಿಕೆಟ್ ಕೌಂಟರ್ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಬಿಲ್ ಆಮೇಲೆ ಮನೆಗೆ ಬರುತ್ತದೆ. ಪಾರಾದೆವು ಅಂದುಕೊಂಡರೆ ಕೆಟ್ಟೆವು!

ಹೊರಟದ್ದೇ ತಿಳಿಯಲಿಲ್ಲ, ಅಷ್ಟು ನಿಶ್ಶಬ್ದ. ಪೂರ್ತಿ ಬ್ಯಾಟರಿಯಲ್ಲಿ ಓಡುವ ದೊಡ್ಡ ಕಾರ್ ಫೆರಿ ಲೋಕದಲ್ಲಿ ಮೊದಲು ಶುರುವಾದದ್ದು ಇದೇ ದಾರಿಯಲ್ಲಂತೆ, 2015ರಲ್ಲಿ. ಆಗ ಅಲ್ಲಿಯ ಕರೆಂಟ್ ಲೈನಿಗೆ ಅಷ್ಟು ದೊಡ್ಡ ಲೋಡ್ ತಡೆಯುವ ಶಕ್ತಿ ಇರಲಿಲ್ಲ. ಅದಕ್ಕೆ ಎರಡೂ ದಡದಲ್ಲಿ ದೊಡ್ಡ ಬ್ಯಾಟರಿ ಇಟ್ಟು, ಅದಕ್ಕೆ ನಿಧಾನಕ್ಕೆ ಕರೆಂಟ್ ತುಂಬಿಸಿ, ಫೆರಿ ಬಂದು ನಿಂತ ಕೂಡಲೇ ಒಟ್ಟಿಗೆ ಸುರಿಯುತ್ತಿದ್ದರು. ನಮ್ಮಲ್ಲಿ ನಲ್ಲಿ ಸಣ್ಣಗೆ ಬರುತ್ತದೆ ಅಂತ ರಾತ್ರಿಯೆಲ್ಲ ಹಂಡೆ ತುಂಬಿಸಿ ಬೆಳಿಗ್ಗೆ ಸ್ನಾನ ಮಾಡುತ್ತಿದ್ದೆವಲ್ಲ, ಅದೇ ಉಪಾಯ.

ಆಮೇಲೆ ಫೊರ್ದೆ ಊರು, ಉದ್ದಕ್ಕೂ ಒಂದು ಸರೋವರ, ಹುಲ್ಲು ಬೆಳೆದ ಮಾಡು, ರಸ್ತೆ ಬದಿ ಕುರಿ. ಸರೋವರದ ಪಕ್ಕ ನಿಲ್ಲಿಸಿ ಡಬ್ಬಿಯ ಚಿತ್ರಾನ್ನ ತಿಂದೆವು. ಒಗ್ಗರಣೆ ಮೆತ್ತಗಾಗಿತ್ತು, ಆದರೂ ಒಂದು ಅಗುಳು ಉಳಿಯಲಿಲ್ಲ.

ಎರಡನೆಯದು ಆಂಡಾ ಅನ್ನುವಲ್ಲಿ. ನಾವು ಮುಟ್ಟುವಾಗ ನಮ್ಮ ಮುಂದಿನ ಕಾರು ಹತ್ತಿತು, ಗೇಟು ಬಿತ್ತು. ಲಾಂಚ್ ಕಣ್ಣೆದುರೇ ದಡ ಬಿಡುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಅದೇ ಸಂಕಟ. ಕಾದೆವು. ಕಾದದ್ದರಿಂದ ಮುಂದಿನ ಫೆರಿಯಲ್ಲಿ ನಮ್ಮದೇ ಮೊದಲ ಕಾರು, ಎಲ್ಲರಿಗಿಂತ ಮುಂದೆ. ಹತ್ತು ನಿಮಿಷದ ದಾರಿ ಅಷ್ಟೇ, ಆದರೂ ಮಗಳಿಗೆ ಬಾತ್‌ರೂಮ್, ಹೆಂಡತಿಗೆ ಫೋಟೋ, ಇಬ್ಬರ ಹಿಂದೆ ನಾನು. ಮೇಲೆ ಏನೋ ಘೋಷಣೆ ಕೇಳಿತು, ಅದು ನಾರ್ವೇಜಿಯನ್‌ನಲ್ಲಿ, ನಮಗಲ್ಲ ಅಂದುಕೊಂಡೆ. ಕೆಳಗಿಳಿದು ಬಂದರೆ ಗೇಟು ತೆರೆದಿದೆ, ಎದುರಿಗೆ ದಡ ಇದೆ, ನಮ್ಮ ಖಾಲಿ ಕಾರಿನ ಹಿಂದೆ ಇಡೀ ಸಾಲು ನಿಂತಿದೆ. ಒಬ್ಬನೂ ಹಾರ್ನ್ ಹೊಡೆಯಲಿಲ್ಲ ಮಾರಾಯ! ಒಂದೇ ಒಂದು ಹಾರ್ನ್ ಹೊಡೆದಿದ್ದರೆ ಸಮಾಧಾನ ಆಗುತ್ತಿತ್ತು. ಎಲ್ಲರೂ ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡು ಸುಮ್ನೆ ನೋಡುತ್ತಿದ್ದರು. ಗಡಿಬಿಡಿಯಲ್ಲಿ ಕೀಲಿ ಹೆಂಡತಿಯ ಬ್ಯಾಗಿನ ತಳದಲ್ಲಿ. ಕಿತ್ತಳೆ ಜಾಕೆಟ್ಟಿನವನು ಆಕಾಶ ನೋಡುತ್ತಾ ನಿಂತಿದ್ದ. ನಿಮ್ಮ ಲಾಂಚಿನಲ್ಲಾಗಿದ್ದರೆ ನನ್ನ ಅಜ್ಜನ ಕಾಲದಿಂದ ಬಯ್ಯುತ್ತಿದ್ದರು, ಅಲ್ವಾ?

ಅದಾದ ಮೇಲೆ ಒಂದು ಫೆರಿಯ ಕೆಲಸ ಉಳಿಯಿತು. 2012ರಲ್ಲಿ ಬೆಟ್ಟ ಕೊರೆದು ಹೊಸ ರಸ್ತೆ ಮಾಡಿದ್ದಾರೆ, ಮೊದಲು ವೋಲ್ಡಾ ಊರಿಗೂ ಫೆರಿಯಲ್ಲೇ ದಾಟಬೇಕಿತ್ತು. ಉದ್ದದ ಸುರಂಗ, ಆಚೆ ಬಂದರೆ ಬಿಸಿಲು.

ಮೂರನೆಯದು ಫೆಸ್ಟೊಯಾದಿಂದ, ಸುಮಾರು ಇಪ್ಪತ್ತು ನಿಮಿಷ. ಈ ಸಲ ಗಡಿಯಾರ ನೋಡಿಕೊಂಡೇ ಮೇಲೆ ಹೋದೆವು. ಈ ಕರಾವಳಿಯ ಫೆರಿಗಳಲ್ಲಿ ಸ್ವೇಲೆ ಅಂತ ಒಂದು ತಿಂಡಿ ಸಿಗುತ್ತದೆ. ಸೆಟ್ ದೋಸೆಗೆ ಸ್ವಲ್ಪ ಸಕ್ಕರೆ ಬಿದ್ದ ಹಾಗೆ, ಹುಳಿ ಹಾಲಿನ ಹಿಟ್ಟು, ಮೆತ್ತಗೆ ದಪ್ಪ. ಅರ್ಧಕ್ಕೆ ಮಡಚಿ ಒಳಗೆ ಬೆಣ್ಣೆ ಸಕ್ಕರೆ, ಇಲ್ಲವೇ ಕಂದು ಚೀಸ್. ಚೀಸ್ ತೆಗೆದ ಮೇಲೆ ಉಳಿಯುವ ನೀರನ್ನು ಕೆನೆ ಸೇರಿಸಿ ಕುದಿಸಿ ಕುದಿಸಿ ಕಂದು ಬಣ್ಣ ಬರಿಸಿದ್ದು ಅದು. ಬಾಯಿಗೆ ಹಾಕಿದರೆ ಧಾರವಾಡ ಪೇಡ ಉಪ್ಪಿನ ಡಬ್ಬಿಗೆ ಬಿದ್ದ ಹಾಗೆ. ಮಗಳು ಒಂದು ಕಚ್ಚಿ ನನ್ನ ತಟ್ಟೆಗೆ ಹಾಕಿದಳು. ನಾನು ಎರಡೂ ತಿಂದೆ. ಬೆಣ್ಣೆ ಕಾಗದದಿಂದ ಇಳಿದು ಮೊಣಕೈವರೆಗೆ ಬಂದಿತ್ತು.

ಕಿಟಕಿ ಪಕ್ಕ ಕೂತು ಹೆಂಡತಿಗೆ ಹೇಳಿದೆ, ಎಷ್ಟು ಚಂದ ಅಲ್ವಾ, ದಾರಿಯೇ ನಮ್ಮನ್ನು ಕೂರಿಸಿ ಕಾಫಿ ಕುಡಿಸುತ್ತದೆ ಅಂತ. ಹೇಳಿದ ಕೂಡಲೇ ನಿನ್ನ ಮುಖ ಕಂಡಿತು. ‘ನಿಮಗೆ ಚಂದ, ಒಂದು ದಿನಕ್ಕೆ ಬಂದು ಹೋಗುವವರು’ ಅಂತ ನೀನು ಬಯ್ದದ್ದು ಮರೆತಿಲ್ಲ. ರಾತ್ರಿ ಲಾಂಚ್ ಇಲ್ಲದೆ ನಿನ್ನ ಅತ್ತಿಗೆಯನ್ನು ಜೀಪಿನಲ್ಲಿ ಮಲಗಿಸಿ ಹೊಸನಗರದ ಮೇಲೆ ಸುತ್ತು ಹಾಕಿದ್ದನ್ನು ನೀನು ಹೇಳುವಾಗ ನಾನು ಏನು ಮಾತಾಡಲಿ. ಇವರಿಗೂ ಈ ರಸ್ತೆಯ ಫೆರಿಗಳನ್ನೆಲ್ಲ ತೆಗೆಯುವ ದೊಡ್ಡ ಯೋಜನೆ ಇದೆ. ಸ್ಟಾವಂಗರ್ ಹತ್ತಿರ ಸಮುದ್ರದಡಿ 27 ಕಿಲೋಮೀಟರ್ ಸುರಂಗ ತೋಡುತ್ತಿದ್ದಾರೆ. ಸೋಗ್ನೆಫ್ಯೋರ್ಡ್‌ಗೆ ನೀರೊಳಗೆ ತೇಲುವ ಕೊಳವೆಯ ಲೆಕ್ಕ ಕೂಡ ಹಾಕಿ ನೋಡಿದ್ದಾರೆ. ಅಲ್ಲಿ ದಿನಾ ದಾಟುವವರು ನಮ್ಮ ಹಾಗೆ ಮೇಲೆ ಬಂದು ಫೋಟೋ ತೆಗೆಯುತ್ತಿರಲಿಲ್ಲ. ಕಾರಿನಲ್ಲೇ ಸೀಟು ಹಿಂದಕ್ಕೆ ಮಲಗಿಸಿ ನಿದ್ದೆ ಹೊಡೆಯುತ್ತಿದ್ದರು.

ಲಾಂಚ್ ದಾಟುತ್ತಿದ್ದಲ್ಲಿ ನಿಮ್ಮ ಸೇತುವೆ ಜುಲೈ 2025ರಲ್ಲಿ ಶುರುವಾಯಿತಲ್ಲ, ನಾನಿನ್ನೂ ನೋಡಿಲ್ಲ. ಡಿಸೆಂಬರ್‌ನಲ್ಲಿ ಬರುತ್ತೇನೆ. ಕಾರು ನೀನೇ ಓಡಿಸು, ನಾನು ಕಿಟಕಿಯಿಂದ ಲಾಂಚ್ ಎಲ್ಲಿ ನಿಲ್ಲುತ್ತಿತ್ತು ಅಂತ ಮಗಳಿಗೆ ತೋರಿಸಬೇಕು. ಅಮ್ಮನಿಗೆ ಕೇಳಿದೆ ಅಂತ ಹೇಳು.

ಹಾಂ, ಮೂರು ಫೆರಿಯ ಬಿಲ್ ಇನ್ನೂ ಬಂದಿಲ್ಲ. ಅಂಚೆಯವನು ಬಂದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ.

ನಿನ್ನವ